ಕುರ್ಡಿಯ ಕಂಪ್ಯೂಟರ್ ಯಾವ ಭಾಷೆಯಲ್ಲಿ ಕೇಳಬೇಕು?

ಗೆಳೆಯರೇ, ನಿಮ್ಮಲ್ಲಿ ಎಷ್ಟು ಜನ ಕುರ್ಡಿ ನೋಡಿದ್ದೀರಿ? ರಾಯಚೂರು ಜಿಲ್ಲೆ, ಮಾನ್ವಿ ತಾಲ್ಲೂಕಿನ ಊರು. ಹತ್ತಿ, ಭತ್ತ, ಜೋಳದ ಸೀಮೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೊರಡುವ ಸೀಮೆ. ನೀವು ಕೂತು ಸಾಫ್ಟ್‌ವೇರ್ ಬರೆಯುವ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಈ ಕಡೆಯವರೂ ಇದ್ದಾರೆ. ಅವರ ಊರಿನ ಕಂಪ್ಯೂಟರ್ ಅವರನ್ನು ಹೇಗೆ ಮಾತಾಡಿಸುತ್ತದೆ, ಸ್ವಲ್ಪ ಕೇಳಿ.

ಜುಲೈ ಕೊನೆಯ ವಾರ. ಬೆಳೆ ವಿಮೆಯ ಗಡುವು ತಲೆ ಮೇಲೆ ಬಂದಿತ್ತು. ಝೆರಾಕ್ಸ್ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಆಧಾರ್ ಪ್ರತಿ ಬೇಕು, ಮತ್ತೊಬ್ಬರ ಅರ್ಜಿ ತುಂಬಬೇಕು. ನಾನೂ ಸಾಲಿನಲ್ಲಿದ್ದೆ. ಅಷ್ಟರಲ್ಲಿ ಸ್ಕ್ರೀನ್ ತುಂಬ ಒಂದು ಇಂಗ್ಲಿಷ್ ಪ್ರಶ್ನೆ. ಕೆಳಗೆ ಎರಡು ಬಟನ್. ಅಂಗಡಿಯ ಹುಡುಗ ನನ್ನತ್ತ ತಿರುಗಿ, ‘ಅಣ್ಣಾ, ಇದು ಏನ್ ಕೇಳಾಕತ್ತಾದ ನೋಡ್ರಿ’ ಎಂದ. ನಾನು ಕನ್ನಡಕ ಏರಿಸುವಷ್ಟರಲ್ಲಿ ಹಿಂದಿನಿಂದ ಕೂಗು: ‘ಯಾವ್ದಾರ ಒಂದು ಒತ್ತೋ ತಮ್ಮಾ, ಬಸ್ ಹೋಗ್ತಾದ!’ ಹುಡುಗ ನೀಲಿಯಾಗಿ ಹೊಳೆಯುತ್ತಿದ್ದ ಬಟನ್ ಒತ್ತಿದ. ಅಲ್ಲಿಗೆ ಕತೆ ಮುಗಿಯಿತು. ಸ್ಕ್ರೀನ್ ಕಪ್ಪಾಯಿತು. ಎರಡು ಪರ್ಸೆಂಟು, ನಾಲ್ಕು ಪರ್ಸೆಂಟು, ಹನ್ನೊಂದು ಪರ್ಸೆಂಟು. ಆಫ್ ಮಾಡಬೇಡಿ ಎಂಬ ಅಪ್ಪಣೆ, ಅದೂ ಇಂಗ್ಲಿಷಿನಲ್ಲೇ. ಕರೆಂಟು ಹೋಗದಿರಲಿ ಎಂದು ಎಲ್ಲರೂ ದೇವರಿಗೆ ಕೈಮುಗಿದದ್ದೇ ಬಂತು. ಒಬ್ಬೊಬ್ಬರೇ ಎದ್ದು ಮಾನ್ವಿ ಬಸ್ ಹಿಡಿದರು. ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಮೇಲೆ ಬಿತ್ತು. ಸಂಜೆ ಐದಕ್ಕೆ ಕಂಪ್ಯೂಟರ್ ಎದ್ದಿತು. ಪ್ರಿಂಟರ್ ಏಳಲಿಲ್ಲ.

ಆ ಹುಡುಗ ದಡ್ಡನೇ? ಸ್ವಾಮಿ, ಅವನು ಸರ್ವೆ ನಂಬರು, ಹಿಸ್ಸಾ, ಖರಾಬು ಎಲ್ಲವನ್ನೂ ನೀರು ಕುಡಿದಂತೆ ಓದುತ್ತಾನೆ. ನುಡಿಯಲ್ಲಿ ಅರ್ಜಿ ಬೆರಳಚ್ಚು ಮಾಡುವ ವೇಗಕ್ಕೆ ನಿಮ್ಮ ಕಣ್ಣು ಹೊಂದಲಾರದು. ಅವನಿಗೆ ಗೊತ್ತಿಲ್ಲದ್ದು ಒಂದೇ: ಆ ಬಟನ್ ಒತ್ತಿದರೆ ಏನಾಗುತ್ತದೆ ಎಂಬುದು. ಅದನ್ನು ಅವನಿಗೆ ಯಾರೂ ಅವನ ಭಾಷೆಯಲ್ಲಿ ಹೇಳಿರಲಿಲ್ಲ.

ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳಿವೆ. ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ, ಸೋರುವ ಕಡೆ ಮಣ್ಣು ಹಾಕಿ ಬಡಿಯುತ್ತಾರೆ. ಇದು ಅಪ್‌ಡೇಟ್. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟುವುದು ಅಪ್‌ಗ್ರೇಡ್. ಮನೆ ಕೆಡವುವ ಮೊದಲು ಯಾವ ಗೌಂಡಿಯಾದರೂ ನಾಲ್ಕು ಮಾತು ಹೇಳುತ್ತಾನೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚು, ಸಾಮಾನು ಎಲ್ಲಿ ಇಡಬೇಕು, ಬಾಗಿಲು ಯಾವ ಕಡೆ ಬರುತ್ತದೆ. ಕಂಪ್ಯೂಟರ್ ಕಂಪನಿಗಳು ಮಾಳಿಗೆಗೆ ಮಣ್ಣು ಹಾಕುವುದಕ್ಕೂ ಮನೆ ಕೆಡವುವುದಕ್ಕೂ ಒಂದೇ ಥರದ ಚೀಟಿ ಕಳಿಸುತ್ತವೆ: ‘ಈಗಲೋ, ಆಮೇಲೋ?’ ‘ಬೇಡ’ ಎಂಬುದಕ್ಕೆ ಜಾಗವೇ ಇರುವುದಿಲ್ಲ.

ಇದು ಕುರ್ಡಿಯವರ ಗೋಳು ಮಾತ್ರ ಎಂದುಕೊಳ್ಳಬೇಡಿ. 2016ರಲ್ಲಿ ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಆಗಿರೆಂದು ಮೈಕ್ರೋಸಾಫ್ಟ್ ಕಂಪನಿ ಒಂದು ಕಿಟಕಿ ತೋರಿಸುತ್ತಿತ್ತು. ಮೂಲೆಯ ಕೆಂಪು ಗುಣಾಕಾರ ಗುರುತು ಒತ್ತಿದರೆ ಕಿಟಕಿ ಮುಚ್ಚುತ್ತಿತ್ತು, ಆದರೆ ನಿಗದಿಯಾದ ಅಪ್‌ಗ್ರೇಡ್ ರದ್ದಾಗುತ್ತಿರಲಿಲ್ಲ! ಇಂಗ್ಲಿಷನ್ನು ತಾಯಿಯ ಹಾಲಿನ ಜತೆ ಕುಡಿದ ಅಮೆರಿಕದವರೇ ಮೋಸ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಒಬ್ಬ ಹೆಂಗಸು, ತಾನು ಒಪ್ಪದೆಯೇ ಬಂದ ಅಪ್‌ಗ್ರೇಡಿನಿಂದ ಕಂಪ್ಯೂಟರ್ ಕೆಟ್ಟಿತೆಂದು ಸಣ್ಣ ದಾವೆಗಳ ಕೋರ್ಟಿಗೆ ಹೋಗಿ 10 ಸಾವಿರ ಡಾಲರ್ ಪರಿಹಾರ ವಸೂಲು ಮಾಡಿದಳು. ಅದೇ ವರ್ಷ ಜೂನ್ ಕೊನೆಗೆ ಕಂಪನಿ ಆ ಕಿಟಕಿಯನ್ನೇ ಬದಲಿಸಿತು. ‘ಬೇಡ’ ಎನ್ನುವ ದಾರಿ ಆಗ ಕಣ್ಣಿಗೆ ಕಂಡಿತು. ಕೇಳಿದವರಿಗೆ ಸಿಗುತ್ತದೆ, ನೋಡಿ.

ಆ ವಿಂಡೋಸ್ 10ರ ಆಯುಷ್ಯವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಅದಕ್ಕೆ ಪುಕ್ಕಟೆ ರಕ್ಷಣೆಯ ಅಪ್‌ಡೇಟ್ ಮಾಮೂಲಾಗಿ ಬರುವುದು ನಿಂತಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಥದೇ ಆಗಿರಬೇಕು. ಹಳ್ಳಿ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಯಂತ್ರಕ್ಕೆ ಇದೆಲ್ಲ ಎಲ್ಲಿಂದ ಬರಬೇಕು? ಇನ್ನೊಂದು ವರ್ಷದ ರಕ್ಷಣೆಗೆ 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಖಾತೆಗೆ ಬ್ಯಾಕಪ್ ಮಾಡಿ ಎಂದಿತು ಕಂಪನಿ. ಯುರೋಪಿನ ಗ್ರಾಹಕ ಸಂಘಟನೆಯಾದ ಯೂರೋಕನ್ಸ್ಯೂಮರ್ಸ್ ಜಗಳಕ್ಕೆ ನಿಂತಿತು. ಅಲ್ಲಿಯವರಿಗೆ ದುಡ್ಡೂ ಬೇಡ, ಬ್ಯಾಕಪ್ಪೂ ಬೇಡ ಎಂದಾಯಿತು. ನಮ್ಮ ಪರ ಜಗಳಕ್ಕೆ ನಿಂತವರು ಯಾರು? ನಾಮಫಲಕದ ಮೇಲೆ ಕನ್ನಡ ಎಷ್ಟು ದಪ್ಪ ಇರಬೇಕೆಂದು ಅಳೆಯುವ ನಾವು, ಸ್ಕ್ರೀನಿನ ಮೇಲಿನ ಫಲಕವನ್ನು ಅಳೆಯಲೇ ಇಲ್ಲ.

‘ವಿಂಡೋಸ್‌ನಲ್ಲಿ ಕನ್ನಡ ಇದೆಯಲ್ಲ!’ ಎಂದು ನಿಮ್ಮಲ್ಲಿ ಯಾರೋ ಹೇಳುವುದು ಕೇಳಿಸುತ್ತಿದೆ. ಇದೆ. ಎಕ್ಸ್‌ಪಿ ಕಾಲದಲ್ಲೇ ತುಂಗಾ ಫಾಂಟ್ ಜತೆಗೆ ಬಂತು. ಆದರೆ ಕಂಪನಿ ಭಾಷೆಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸಿದೆ. ಮೊದಲ ಪಂಕ್ತಿಯವು ಪೂರ್ಣ ಭಾಷಾ ಪ್ಯಾಕ್‌ಗಳು, ತಮ್ಮ ಕಾಲ ಮೇಲೆ ನಿಲ್ಲುತ್ತವೆ. ಎರಡನೇ ಪಂಕ್ತಿಯವು ಇನ್ನೊಂದು ಭಾಷೆಯ ಹೆಗಲ ಮೇಲೆ ಕೂರಬೇಕು. ಅನುವಾದವಾಗದೆ ಉಳಿದದ್ದೆಲ್ಲ ಆ ಹೆಗಲು ಕೊಟ್ಟ ಭಾಷೆಯಲ್ಲೇ ಕಾಣುತ್ತದೆ. ಕನ್ನಡ ಎರಡನೇ ಪಂಕ್ತಿಯಲ್ಲಿದೆ. (ದಿಲ್ಲಿಯವರು ನಮ್ಮ ಮೇಲೆ ಹೇರುವ ಹಿಂದಿಯೂ ಅಲ್ಲೇ ಕೂತಿದೆ, ಇರಲಿ.) ಮೊದಲ ಪಂಕ್ತಿಯಲ್ಲಿ ಯಾರಿದ್ದಾರೆ ಗೊತ್ತೇ? ಎಸ್ಟೋನಿಯದವರು! ಇಡೀ ಎಸ್ಟೋನಿಯ ದೇಶದ ಜನಸಂಖ್ಯೆ 14 ಲಕ್ಷ ಮುಟ್ಟುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯೊಂದರಲ್ಲೇ 19 ಲಕ್ಷಕ್ಕೂ ಹೆಚ್ಚು ಜನ. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಎಸ್ಟೋನಿಯದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ತಮ್ಮ ಭಾಷೆ ತಮಗೆ ಬೇಕು ಎಂದವರು ಅವರು. ಎಲ್ಲದಕ್ಕೂ ‘ಅಡ್ಜಸ್ಟ್ ಮಾಡಿಕೊಳ್ಳೋಣ’ ಎಂದವರು ನಾವು.

ಈ ಸೀಮೆಗೆ ಇದು ಹೊಸ ಅನುಭವವೇನಲ್ಲ. 1948ರವರೆಗೆ ರಾಯಚೂರು ನಿಜಾಮನ ಕೈಯಲ್ಲಿತ್ತು, ಸರ್ಕಾರದ ಭಾಷೆ ಉರ್ದು. ಉರ್ದು ಕೆಟ್ಟ ಭಾಷೆಯಲ್ಲ, ರಾಯಚೂರಿನ ಎಷ್ಟೋ ಓಣಿಗಳಲ್ಲಿ ಅದು ಇವತ್ತಿಗೂ ಮನೆಮಾತು. ಆದರೆ ಕನ್ನಡದ ರೈತ ತನ್ನದೇ ಹೊಲದ ಕಾಗದ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. 1956ರಲ್ಲಿ ನಾಡು ಒಂದಾಯಿತು. 2001ರ ಹೊತ್ತಿಗೆ ಭೂಮಿ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಕನ್ನಡದಲ್ಲೇ ಬಂದವು. ಪಹಣಿ ಕನ್ನಡದಲ್ಲಿ ಬರಬಹುದಾದರೆ ಪಹಣಿ ಕೊಡುವ ಯಂತ್ರ ‘ನಾನು ಈಗ ಎರಡು ತಾಸು ಕೆಲಸ ಮಾಡುವುದಿಲ್ಲ, ಆಗಬಹುದೇ?’ ಎಂದು ಕನ್ನಡದಲ್ಲಿ ಯಾಕೆ ಕೇಳಬಾರದು?

ಹೊಸ ಯಂತ್ರಕ್ಕೆ ಹೋದವರ ಇನ್ನೊಂದು ಪಾಡು ಕೇಳಿ. ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟ ಅರ್ಜಿ, ಠರಾವು, ಮದುವೆ ಕಾರ್ಡು ಎಲ್ಲವೂ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಸವಾಗಿ ಕಾಣುತ್ತವೆ. ‘ಕನ್ನಡ’ ಎಂಬ ಮೂರಕ್ಷರದ ನಡುವೆ ಇಂಗ್ಲೆಂಡಿನ ಪೌಂಡ್ ಗುರುತು ಎದ್ದು ನಿಲ್ಲುತ್ತದೆ! ಫೈಲ್ ಹಾಳಾಗಿರುವುದಿಲ್ಲ; ಫಾಂಟ್ ಹಾಕಿದರೆ ಅಕ್ಷರ ಮತ್ತೆ ಬರುತ್ತದೆ, ಯೂನಿಕೋಡಿಗೆ ಬದಲಿಸಿಕೊಂಡರೆ ಮುಂದೆ ಈ ಕಾಟವೇ ಇರುವುದಿಲ್ಲ. ಇದನ್ನು ಹೇಳುವವರಿಲ್ಲದೆ ಎಷ್ಟು ಜನ ಅಳಿಸಿ ಹಾಕಿದರೋ. ಹಾಗೆಯೇ, ವಿಂಡೋಸ್ 10ರಿಂದ 11ಕ್ಕೆ ಹೋದವರು ಹಿಡಿಸದಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳಬಹುದು. ಸೆಟ್ಟಿಂಗಿನ ಒಳಮನೆಯಲ್ಲಿ ಅಡಗಿ ಕೂತ ಈ ಸಂಗತಿ ಕುರ್ಡಿಗೆ ತಲುಪುವಷ್ಟರಲ್ಲಿ ಹನ್ನೊಂದನೇ ದಿನ ಆಗಿರುತ್ತದೆ.

ಮೊಬೈಲಿನದು ಇನ್ನೂ ಘೋರ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿದವನಿಗೆ ಎರಡು ಜಿಬಿಯ ಅಪ್‌ಗ್ರೇಡ್ ಬಂದರೆ ಅವನು ‘ಆಮೇಲೆ’ ಎನ್ನದೆ ಮತ್ತೇನು ಅಂದಾನು? ಜತೆಗೆ ಕಳ್ಳರೂ ಹೊಂಚು ಹಾಕಿದ್ದಾರೆ. ಬ್ಯಾಂಕಿನ ಹೆಸರು, ಸರ್ಕಾರಿ ಯೋಜನೆಯ ಹೆಸರು ಹೇಳಿ ‘ಅಪ್‌ಡೇಟ್ ಮಾಡಿ’ ಎಂದು ವಾಟ್ಸಾಪಿನಲ್ಲಿ ಆಪ್ ಫೈಲ್ ಕಳಿಸುತ್ತಾರೆ. ಒತ್ತಿದರೆ ಖಾತೆ ಖಾಲಿ. ನಿಜವಾದ ಚೀಟಿಯೂ ಅರ್ಥವಾಗದ, ಸುಳ್ಳು ಚೀಟಿಯೂ ಅರ್ಥವಾಗದ ಮನುಷ್ಯ ಒಂದೋ ಎಲ್ಲವನ್ನೂ ಒತ್ತುತ್ತಾನೆ, ಇಲ್ಲವೇ ಏನನ್ನೂ ಒತ್ತುವುದಿಲ್ಲ. ಎರಡರಲ್ಲೂ ಕಳ್ಳನಿಗೇ ಲಾಭ.

ಇನ್ನು ನಮ್ಮವರ ತಪ್ಪನ್ನೂ ಹೇಳಬೇಕು. ಕನ್ನಡ ಮಾಡುತ್ತೇವೆಂದು ಹೊರಟವರು ‘ಸಾಧನವನ್ನು ಮರುಪ್ರಾರಂಭಿಸಿ’, ‘ನವೀಕರಣವು ಬಾಕಿಯಿದೆ’ ಎಂದು ಬರೆಯುತ್ತಾರೆ. ಇದನ್ನು ಓದಿ ಕುರ್ಡಿಯ ಹುಡುಗ ಇಂಗ್ಲಿಷೇ ವಾಸಿ ಎಂದು ಹಿಂದಕ್ಕೆ ಹೋಗುತ್ತಾನೆ. ‘ಫೋನ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅರ್ಧ ತಾಸು ಬೇಕು. ನಿಮ್ಮ ಫೋಟೊ, ನಂಬರು ಎಲ್ಲ ಹಾಗೇ ಇರುತ್ತವೆ.’ ಹೀಗೆ ಬರೆದರೆ ಯಾರ ಗಂಟು ಹೋಗುತ್ತದೆ?

ಹಾಗಾದರೆ ಸರ್ಕಾರ ಏನು ಮಾಡಬೇಕು? ಗ್ರಾಮ ಪಂಚಾಯಿತಿಗೆ, ನಾಡಕಚೇರಿಗೆ, ಶಾಲೆಗೆ ಕಂಪ್ಯೂಟರ್ ಕೊಳ್ಳುವಾಗ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಯಂತ್ರ ಕೇಳುವ ಪ್ರತಿಯೊಂದು ಪ್ರಶ್ನೆಯೂ ಕನ್ನಡದಲ್ಲಿ ಇರತಕ್ಕದ್ದು. ಆ ಒಂದು ಸಾಲಿಗೆ ಯಾವ ಕಂಪನಿಯಾದರೂ ಎದ್ದು ಕೂರುತ್ತದೆ. ಕೊಡುವುದಿಲ್ಲ ಎಂದರೆ ಬೇರೆ ದಾರಿಯೂ ಇದೆ. ಪಕ್ಕದ ಕೇರಳದವರು ಕೈಟ್ ಸಂಸ್ಥೆ ಕಟ್ಟಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿದ್ದಾರೆ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕುವ ಮೊದಲ ಹೆಜ್ಜೆಯಲ್ಲೇ ಕನ್ನಡ ಆರಿಸಿಕೊಳ್ಳಬಹುದು. ಆ ಅನುವಾದ ಮಾಡಿದವರು ನಿಮ್ಮಂಥ ಹುಡುಗ ಹುಡುಗಿಯರೇ.

ಹಾಗಾಗಿ ನನ್ನ ತಕರಾರು ಕಂಪನಿಗಿಂತ ಮೊದಲು ನಿಮ್ಮ ಮೇಲೆಯೇ, ಗೆಳೆಯರೇ. ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು ಇಂಥ ಕಿಟಕಿಗಳನ್ನು ಬರೆಯುವ ಕೈಗಳಲ್ಲಿ ಕನ್ನಡದ ಕೈಗಳೂ ಇವೆ. ನಿಮ್ಮ ಮೀಟಿಂಗಿನಲ್ಲಿ ಒಮ್ಮೆ ಎದ್ದು ಕೇಳಿ, ‘ಇದು ಕನ್ನಡದಲ್ಲಿ ಎಲ್ಲಿ?’ ಎಂದು. ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಅವ್ವನ ಫೋನನ್ನು ಕಿತ್ತುಕೊಂಡು ನೀವೇ ಒತ್ತಿ ಕೊಡಬೇಡಿ. ಪಕ್ಕದಲ್ಲಿ ಕೂತು, ಅವಳ ಬೆರಳು ಯಾವ ಮಾತಿನ ಮುಂದೆ ನಿಲ್ಲುತ್ತದೆ ನೋಡಿ. ಆ ಮಾತನ್ನೂ, ಅದನ್ನು ಅವಳು ತನ್ನ ಬಾಯಲ್ಲಿ ಹೇಗೆ ಹೇಳುತ್ತಾಳೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಈ ಪತ್ರಿಕೆಗೆ ಕಳಿಸಿ. ನೂರು ಹಾಳೆ ಸೇರಿದ ದಿನ ಕಟ್ಟು ಕಟ್ಟಿಕೊಂಡು ಕಂಪನಿಯ ಬಾಗಿಲಿಗೂ ವಿಧಾನಸೌಧದ ಬಾಗಿಲಿಗೂ ಹೋಗೋಣ. ಮೊದಲ ಹಾಳೆ ಕುರ್ಡಿಯದು, ನನ್ನ ಹತ್ತಿರ ಇದೆ.