ಮಕ್ಕಳನ್ನು ಕೇಳುವುದು ಬೇಡವೇ?

ಮಕ್ಕಳು ಬೆಳೆದು ದೊಡ್ಡವರಾದರೆಂದು ಊರೆಲ್ಲ ಹೇಳಿಕೊಂಡು ಹಿಗ್ಗುವ ನಾವು, ಅವರು ದೊಡ್ಡವರಂತೆ ಮಾತನಾಡಿದ ದಿನ ಮುಖ ಊದಿಸಿಕೊಳ್ಳುತ್ತೇವೆ. ಹೊಸಂಗಡಿಯ ಸುತ್ತಮುತ್ತಲಿನ ಹಲವು ಕನ್ನಡ ಮನೆಗಳ ಕಥೆ ಇದು. ನಮ್ಮ ಮನೆಯೂ ಇದಕ್ಕೆ ಹೊರತಲ್ಲ.

ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲೇ ಕಲಿತ ನಮ್ಮ ಮಗಳು ಪದವಿ ಮುಗಿಸಿದ ಮೇಲೆ, "ಅಪ್ಪಾ, ನಾನು ಮುಂದೆ ತಿರುವನಂತಪುರದಲ್ಲಿ ಓದುತ್ತೇನೆ. ಮಲೆಯಾಳವನ್ನೂ ಸರಿಯಾಗಿ ಕಲಿಯುತ್ತೇನೆ" ಎಂದಳು. ಇಪ್ಪತ್ತು ವರ್ಷ ಕನ್ನಡ ಕಲಿಸಿದ ನಮಗೆ ಅದು ಸೋಲಾಗಿಯೇ ಕಂಡಿತು. ಎರಡು ವಾರ ಮಾತು ಬಿಟ್ಟೆವು. ಊಟಕ್ಕೆ ಕರೆಯಲೂ ಅವಳ ತಾಯಿಯೇ ನಡುವೆ ಓಡಾಡಬೇಕಾಯಿತು.

ಕೊನೆಗೆ ಅವಳು ಕೇಳಿದ್ದು ಇಷ್ಟೇ: "1956ರಲ್ಲಿ ನಮ್ಮನ್ನು ಕೇಳದೆ ಕೇರಳಕ್ಕೆ ಸೇರಿಸಿದರೆಂದು ನೀವು ಹೇಳುತ್ತಿದ್ದಿರಲ್ಲ, ನನ್ನ ವಿಷಯದಲ್ಲಿ ನನ್ನನ್ನು ಕೇಳುವುದು ಬೇಡವೇ?"

ನಮ್ಮಲ್ಲಿ ಉತ್ತರವಿರಲಿಲ್ಲ. ಚಂದ್ರಗಿರಿಯ ಉತ್ತರಭಾಗ ಕನ್ನಡ ನಾಡಿಗೆ ಸೇರಬೇಕೆಂದ 1967ರ ಮಹಾಜನ ವರದಿ ಕಡತದಲ್ಲೇ ಉಳಿದ ನೋವು ನಮಗಿದೆ. ಶಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸಿದ 2017ರ ಕಾನೂನನ್ನು ನಾವು ವಿರೋಧಿಸಿದ್ದು ಆ ಭಾಷೆಯ ಮೇಲಿನ ದ್ವೇಷದಿಂದಲ್ಲ, ಒತ್ತಾಯ ಸಲ್ಲದೆಂಬ ಕಾರಣದಿಂದ. ಹೊರಗೆ ಸಲ್ಲದ ಒತ್ತಾಯ ಮನೆಯೊಳಗೆ ಸಲ್ಲುವುದೆಂತು?

ನಿಜ ಹೇಳಬೇಕೆಂದರೆ, ನಮ್ಮ ಸಿಟ್ಟಿಗೆ ಭಾಷಾಭಿಮಾನವೊಂದೇ ಕಾರಣವಾಗಿರಲಿಲ್ಲ. ಮಂಗಳೂರಾದರೆ ಸಂಜೆಯ ಬಸ್ಸಿಗೆ ಮಗಳು ಮನೆ ಸೇರುತ್ತಾಳೆ. ತಿರುವನಂತಪುರವೆಂದರೆ ರಾತ್ರಿಯಿಡೀ ರೈಲು. ಅಗಲುವ ಭಯವನ್ನೇ ನಾವು ಕನ್ನಡದ ಹೆಸರಿನಲ್ಲಿ ಆಡಿ ತೋರಿಸಿದೆವು. ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, ಬಲ್ಲ ಭಾಷೆಗಳು ಹತ್ತಾರು. ಅವರ ಊರಿನವರಾದ ನಾವು ಇನ್ನೊಂದು ಭಾಷೆಗೆ ಹೆದರಬೇಕೇ?

ಪ್ರಾಯಕ್ಕೆ ಬಂದ ಮಕ್ಕಳಿಗೆ ನಮ್ಮ ಅಭಿಪ್ರಾಯ ತಿಳಿಸೋಣ. ಅದನ್ನು ಒಮ್ಮೆ ಹೇಳಿದರೆ ಸಾಕು. ಬಳಿಕ ಅವರದನ್ನು ಕೇಳೋಣ. ನಿರ್ಧಾರ ಅವರದೇ ಇರಲಿ. ತಪ್ಪಿದರೆ, "ಆಗಲೇ ಹೇಳಿದ್ದೆ" ಎಂದು ಚುಚ್ಚದಿರೋಣ. ಇದು ಸುಲಭವಲ್ಲ. ಮಗಳನ್ನು ರೈಲು ಹತ್ತಿಸಿ ಬಂದ ರಾತ್ರಿ ನಮಗೂ ನಿದ್ದೆ ಹತ್ತಲಿಲ್ಲ.

ಈಗ ಅವಳು ಪ್ರತಿ ಭಾನುವಾರ ಫೋನು ಮಾಡುತ್ತಾಳೆ. ಮಾತೆಲ್ಲ ಕನ್ನಡದಲ್ಲೇ. ಅಂದು ನಾವು ಹಟ ಬಿಡದಿರುತ್ತಿದ್ದರೆ, ನಮ್ಮ ಮನೆಯಲ್ಲಿ ಮೊದಲು ನಿಂತುಹೋಗುತ್ತಿದ್ದುದು ಆ ಕನ್ನಡವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ.