ಮಾಳಿಗೆಗೆ ಸಿಮೆಂಟಲ್ಲ, ಚೌಳು ಮಣ್ಣೇ ಲೇಸು

ಮುಂಗಾರಿಗೆ ಮುಂಚೆ ಬೀಜ ಹಸನು ಮಾಡುತ್ತೀರಿ, ಕುಂಟೆ ಕೂರಿಗೆ ಸರಿಪಡಿಸುತ್ತೀರಿ. ಮಣ್ಣಿನ ಮಾಳಿಗೆಯನ್ನು ಹತ್ತಿ ನೋಡಿದ್ದೀರಾ?

ಬಯಲುಸೀಮೆಯ ಹಿರಿಯರು ಮಾಳಿಗೆಯ ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಈ ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆ ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ನೀರು ಇಂಗದೆ ಮೇಲೆಯೇ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದ ಗುಣ ಮನೆಗೆ ವರ.

ಈಗ ಕೆಲವರು ವರ್ಷವರ್ಷದ ಈ ಕೆಲಸಕ್ಕೆ ಬೇಸತ್ತು ಹಳೆಯ ಮಣ್ಣಿನ ಮೇಲೆಯೇ ಸಿಮೆಂಟು ಗಾರೆ ಬಳಿಸುತ್ತಾರೆ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ. ಗಾರೆಯಿಂದ ಭಾರ ಹೆಚ್ಚುತ್ತದೆ. ಕೆಳಗಿನ ಮಣ್ಣು ಅಲುಗಿದಂತೆ ಗಾರೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಬೇಗ ಆರದು. ಜಂತೆ ತೊಲೆಗಳು ಕಣ್ಣಿಗೆ ಕಾಣದಂತೆ ಕೊಳೆಯುತ್ತವೆ. ಜಡಿಮಳೆಯ ರಾತ್ರಿ ಮಾಳಿಗೆ ಕುಸಿದರೆ ಕೆಳಗೆ ಮಲಗಿರುವವರು ಹೆಂಡತಿ ಮಕ್ಕಳು.

ಆದ್ದರಿಂದ ರೋಹಿಣಿ ಮಳೆಗೆ ಮುಂಚೆಯೇ ಹೀಗೆ ಮಾಡಿರಿ. ಮೊದಲು ತೊಲೆಗಳನ್ನು ಪರೀಕ್ಷಿಸಿರಿ. ಗೆದ್ದಲು ತಿಂದಿದ್ದರೆ ಬದಲಿಸಿರಿ. ಕೊಳೆತ ಮರವನ್ನು ಯಾವ ಮಣ್ಣೂ ಉಳಿಸಲಾರದು. ಮಾಳಿಗೆಯ ಮೇಲಿನ ಹುಲ್ಲನ್ನು ಬೇರುಸಹಿತ ಕೀಳಿರಿ. ಇಲಿಬಿಲಗಳನ್ನು ಮಣ್ಣು ಗಿಡಿದು ಮುಚ್ಚಿರಿ. ಸಡಿಲವಾದ ಹಳೆ ಮಣ್ಣನ್ನು ಕೆರೆದು ತೆಗೆಯಿರಿ. ಮಣ್ಣಿನ ಮೇಲೆ ಮಣ್ಣು ಪೇರಿಸಿದರೆ ಭಾರವೇ ಶತ್ರು. ಹೆಂಟೆ ಒಡೆದು ಪುಡಿಮಾಡಿದ ಚೌಳು ಮಣ್ಣನ್ನು ತೆಳ್ಳಗೆ, ನೀರು ಹೋಗುವ ದೋಣಿಯ ಕಡೆಗೆ ಇಳಿಜಾರಾಗಿ ಹರಡಿರಿ. ದೋಣಿಯನ್ನೂ ಚೊಕ್ಕಟ ಮಾಡಿರಿ. ಮೊದಲ ಮಳೆಯಾದ ಮೇಲೆ ಮತ್ತೊಮ್ಮೆ ಹತ್ತಿ, ನೀರು ನಿಂತ ತಗ್ಗುಗಳಿಗೆ ಮಣ್ಣು ತುಂಬಿರಿ.

ಬೆಳೆ ಹೋದರೆ ಮುಂದಿನ ವರ್ಷ ಬಿತ್ತಬಹುದು. ಹೋದ ಜೀವ ಬಾರದು.