ಪಟ್ಟಣದಲ್ಲಿ ಒಂದು ರಾತ್ರಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಕುಟುಂಬ ಸಮೇತನಾಗಿ ಮೈಸೂರಿನ ನಮ್ಮ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತಾ, "ಸಾರ್, ಶ್ರೀರಂಗಪಟ್ಟಣ ಯಾವಾಗ ಬಂತು, ಯಾವಾಗ ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ" ಎಂದ. ಹೊಸ ಹೆದ್ದಾರಿಯನ್ನು ಹೊಗಳುವುದು ಅವನ ಉದ್ದೇಶ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತದೆ. ಅವನ ಮಗಳು ಕಾವೇರಿ ದಾಟಿದ್ದನ್ನು ಗಮನಿಸಿರಲೇ ಇಲ್ಲ. ನಾನು ನಕ್ಕು ಸುಮ್ಮನಾದೆ. ಅವರು ಹೊರಟುಹೋದ ಮೇಲೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮಂಡ್ಯದ ಕಡೆಯವರಾದ ನಮಗೆ ಶ್ರೀರಂಗಪಟ್ಟಣವೆಂದರೆ ಬರಿಯ 'ಪಟ್ಟಣ'. ಆ ಪಟ್ಟಣವನ್ನು ಕಾಣಬೇಕಾದರೆ ಅಲ್ಲಿ ಒಂದು ರಾತ್ರಿ ತಂಗಲೇಬೇಕು ಎಂಬುದು ನನ್ನ ಹಳೆಯ ಹಟ. ಅದಕ್ಕೊಂದು ಕಾರಣವಿದೆ, ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಗಂಗೆಯ ಮೇಲೆ ದಿನಗಟ್ಟಲೆ ದೋಣಿಯಲ್ಲಿ ಸಾಗುತ್ತಾರೆಂದು ಪುಸ್ತಕಗಳಲ್ಲಿ ಓದುತ್ತೇವೆ. ನಮ್ಮ ಕಾವೇರಿ ಅಂಥವಳಲ್ಲ. ಬಂಡೆ, ತಿಟ್ಟು, ಮಡುವು, ಅಡಿಗಡಿಗೂ ಹಳೆಯ ಅರಸರು ಕಟ್ಟಿಸಿದ ಅಣೆಕಟ್ಟೆಗಳು. ಆದ್ದರಿಂದ ನಮ್ಮ ಕಡೆ ನದಿಯ ಪ್ರಯಾಣವೆಂದರೆ ಒಂದು ದಡದಿಂದ ಇನ್ನೊಂದು ದಡಕ್ಕೆ, ಅದೂ ಹರಿಗೋಲಿನಲ್ಲಿ. ಬಿದಿರು ಹೆಣೆದು, ಹಿಂದೆ ಚರ್ಮವನ್ನೂ ಈಚೆಗೆ ಡಾಂಬರು ಬಳಿದ ಗೋಣಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದ ಬುಟ್ಟಿಯದು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇಂಥದ್ದನ್ನೇ ಕಂಡು ಬರೆದಿಟ್ಟಿದ್ದಾನೆ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಸೇರುವಲ್ಲಿ ಒಂದು ಊರಿಗೆ ಅಂಬಿಗರಹಳ್ಳಿ ಎಂದೇ ಹೆಸರು.

ಪಟ್ಟಣವಂತೂ ನೀರಿನ ನಡುವಿನ ಊರು. 1799ರಲ್ಲಿ ಇಂಗ್ಲಿಷರು ಮಳೆ ಹಿಡಿಯುವುದರೊಳಗೆ ಕೋಟೆ ಹಿಡಿಯಬೇಕೆಂದು ಅವಸರಪಟ್ಟದ್ದು ಇದೇ ಕಾರಣಕ್ಕೆ. ಮೇ 4ರಂದು ಅವರ ಸೈನಿಕರು ಬೇಸಿಗೆಯ ತೆಳು ನೀರಿನಲ್ಲಿ ನಡೆದೇ ದಾಟಿದರು. ಆಮೇಲೆ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ವೆಲ್ಲೆಸ್ಲಿ ಸೇತುವೆಯಾಯಿತು. ಆದರೂ ಸೇತುವೆಗೆ ದೂರವಿದ್ದ ಹಳ್ಳಿಗಳಿಗೆ ನನ್ನ ಕಾಲದವರೆಗೂ ಹರಿಗೋಲೇ ಗತಿ.

ಬಿ.ಎಡ್. ಮುಗಿಸಿದ ಹೊಸತರಲ್ಲಿ, 1980ರ ದಶಕದ ಕೊನೆಯ ಭಾಗದಲ್ಲಿ, ಹೊಳೆಯಾಚೆಯ ಅಂಥದೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿದರೆ ಹರಿಗೋಲಿನಲ್ಲಿ ಗಂಜಾಂ ಕಡೆಗೆ ದಾಟಿ, ನಡೆದು ಬಸ್ ನಿಲ್ದಾಣ ಸೇರಿ, ಪಾಂಡವಪುರದ ಮೇಲೆ ಕೆ.ಆರ್. ಪೇಟೆಗೆ ಹೋಗಿ ತಾಯಿಯನ್ನು ನೋಡಿ ಬರುವುದು ರೂಢಿ. ಆಗಸ್ಟ್ ತಿಂಗಳ ಒಂದು ಶನಿವಾರ ಅಂಕಪಟ್ಟಿ ಬರೆದು ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು. ಕನ್ನಂಬಾಡಿಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗಿತ್ತು. ಅಂಬಿಗ ನನ್ನ ಮುಖ ನೋಡಿ, "ನಾಳೆ ಹೋದ್ರಾಗಲ್ವಾ ಮೇಷ್ಟ್ರೇ?" ಎಂದ. ತಾಯಿಗೆ ಹುಷಾರಿಲ್ಲವೆಂದೆ. ಮರುಮಾತಿಲ್ಲದೆ ಹರಿಗೋಲನ್ನು ದಡದುದ್ದಕ್ಕೂ ಮೇಲಕ್ಕೆ, ಎರಡು ಫರ್ಲಾಂಗಾದರೂ ಎಳೆದುಕೊಂಡು ಹೋದ. ಸೆಳೆತ ನಮ್ಮನ್ನು ಎಷ್ಟು ಕೆಳಕ್ಕೆ ಒಯ್ಯುವುದೆಂಬ ಲೆಕ್ಕ ಅವನಿಗಿತ್ತು. ಗಣಿತದ ಮೇಷ್ಟರಾದ ನನಗೆ ಇರಲಿಲ್ಲ. ನಡುನೀರಿನಲ್ಲಿ ಹರಿಗೋಲು ಬುಗುರಿಯಂತೆ ತಿರುಗಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಹತ್ತು ನಿಮಿಷದ ದಾರಿ ಮುಕ್ಕಾಲು ಗಂಟೆ ಹಿಡಿಯಿತು.

ದಡ ಸೇರುವಾಗ ಕತ್ತಲಾಗಿತ್ತು. ನನ್ನ ಕೊನೆಯ ಬಸ್ಸು ಹೋಗಿತ್ತು. ಅವನಿಗೆ ಆ ನೀರಿನಲ್ಲಿ ಹಿಂದಿರುಗುವಂತಿರಲಿಲ್ಲ. ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು ಹೊಳೆದಂಡೆಯ ಮಂಟಪವೊಂದರಲ್ಲಿ ಬೋರಲು ಹಾಕಿದ. ಅವನ ಗಂಟಿನಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ನಾನು ಅಂಗಡಿಯಿಂದ ತಂದದ್ದು ಬಾಳೆಹಣ್ಣು. ಮಲಗುವ ಮೊದಲು ಅವನು ನೀರಂಚಿನ ಮೆಟ್ಟಿಲ ಮೇಲೆ ಒಂದು ಕಲ್ಲನ್ನು ಗುರುತಿಗೆ ಇಟ್ಟ. ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿಬಂದ.

ಇಲ್ಲಿಗೆ ಮುಖ್ಯ ವಿಷಯಕ್ಕೆ ಬಂದೆ. ಆ ಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು: ಲೆಕ್ಕ ತಪ್ಪಿದಾಗ ನಾನು ಬೈಯುತ್ತಿದ್ದ ಒಂದು ಮಾತಿತ್ತು. "ಹೀಗೇ ಆದರೆ ಹರಿಗೋಲು ಹಾಕ್ಕೊಂಡಿರಬೇಕಾಗುತ್ತೆ, ನೋಡು." ಅಂಬಿಗನ ಮಗ ಒಂಬತ್ತನೆಯ ತರಗತಿಯಲ್ಲಿ, ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಕತ್ತಲಲ್ಲಿ ಅವನೇ ಮಾತೆತ್ತಿದ, ಕೋಪವೇನೂ ಇರಲಿಲ್ಲ. "ಹುಡ್ಗ ಈಚೀಚೆಗೆ ಹೊಳೆತಾವ್ಕೇ ಬರಾಕಿಲ್ಲ ಮೇಷ್ಟ್ರೇ. ಹುಟ್ಟು ಮುಟ್ಟು ಅಂದ್ರೆ ನಾಚ್ಕೋತಾನೆ. ನೀವು ಏಳಿದ್ದು ಸರಿಯೇ, ಓದ್ಲಿ, ನಂಗೂ ಅದೇ ಬೇಕು. ಆದ್ರೆ ನಮ್ಮಪ್ಪ ನಂಗೆ ತೋರ್ಸಿದ್ದ ನಾನು ಯಾರ್ಗೆ ತೋರ್ಸ್ಲಿ?"

ನನಗೆ ಉತ್ತರ ತೋಚಲಿಲ್ಲ. ನಿದ್ದೆ ಬಂದವನಂತೆ ಸುಮ್ಮನಿದ್ದೆ. ಬೆಳಗ್ಗೆ ಎದುರಿಗೆ ಕರಿಘಟ್ಟದ ಮೇಲೆ ಬಿಸಿಲು ಬಿದ್ದಾಗ ಅವನು ಕಲ್ಲಿನ ಗುರುತು ನೋಡಿ, ತೇಲಿಬರುವ ಕಸ ಕಡಿಮೆಯಾದದ್ದನ್ನು ತೋರಿಸಿ, ನೀರು ಇಳಿಯುತ್ತಿದೆ ಎಂದ. ಕೂಲಿ ತೆಗೆದುಕೊಳ್ಳಲಿಲ್ಲ. ಸೋಮವಾರದಿಂದ ಆ ಬೈಗುಳವನ್ನು ಬಿಟ್ಟೆ. ಆದರೆ ಬಿಟ್ಟದ್ದು ಸದ್ದಿಲ್ಲದೆ. ಇಡೀ ತರಗತಿಯ ಎದುರು ಆಡಿದ ಮಾತನ್ನು ಇಡೀ ತರಗತಿಯ ಎದುರೇ ಹಿಂದೆಗೆದುಕೊಳ್ಳಬೇಕಿತ್ತು. ಅಷ್ಟು ಧೈರ್ಯ ನನಗಿರಲಿಲ್ಲ.

ಹರಿಗೋಲಿನ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಹೆರಿಗೆಯ ನೋವು ತಿನ್ನುತ್ತಾ ಹೆಂಗಸರು ದಡದಲ್ಲಿ ಬೆಳಕಿಗಾಗಿ ಕಾದ ಊರುಗಳವು. ಸೇತುವೆ ಬೇಕು, ಹೆದ್ದಾರಿಯೂ ಬೇಕು. ಕಾಯಿಲೆ ಬಿದ್ದಾಗ ಬೆಂಗಳೂರು ಬೇಗ ಸಿಗುವುದರ ಬೆಲೆ ಈ ವಯಸ್ಸಿನಲ್ಲಿ ಚೆನ್ನಾಗಿ ತಿಳಿದಿದೆ. ನನ್ನ ತಕರಾರು ಬೇರೆ. ಪಟ್ಟಣವನ್ನು ನಾವು ಅರ್ಧ ದಿನದ ಪಟ್ಟಿ ಮಾಡಿಕೊಂಡಿದ್ದೇವೆ: ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮದಲ್ಲಿ ಹರಿಗೋಲಿನ ಎರಡು ಸುತ್ತು, ಊಟಕ್ಕೆ ಮೈಸೂರು. ಹೊಳೆ ಬಲ್ಲವನನ್ನು ಹರಿಗೋಲು ತಿರುಗಿಸಿ ನಗಿಸುವವನನ್ನಾಗಿ ಮಾಡಿದ್ದೇವೆ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಅವನಾದರೂ ಏನು ಮಾತಾಡಿಯಾನು? ಅವನಿಗೆ ಬಿಡುವಾಗುವುದು ಸಂಜೆಯ ಮೇಲೆ. ನೀರು ಏರುವುದೂ ಇಳಿಯುವುದೂ ಗಂಟೆಗಟ್ಟಲೆ ಕುಳಿತವರಿಗಷ್ಟೇ ಕಾಣುತ್ತದೆ. ಪ್ರವಾಸೋದ್ಯಮದವರು ಇನ್ನಷ್ಟು ವಾಹನ ನಿಲ್ಲಿಸಲು ಜಾಗ ಹುಡುಕುವುದಕ್ಕಿಂತ, ಸಂಸಾರವಂದಿಗರು ಒಂದು ರಾತ್ರಿ ತಂಗಲು ಹೊಳೆಯ ಹತ್ತಿರ ನಾಲ್ಕು ಸರಳ, ಶುಚಿಯಾದ ಕೋಣೆಗಳನ್ನು ಕಟ್ಟಿಸಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಶಾಲಾ ಪ್ರವಾಸದ ಮೇಷ್ಟರುಗಳಿಗೂ ನನ್ನ ವಿನಂತಿ ಇದೇ: ಮಕ್ಕಳಿಗೆ 1799ನ್ನು ಬಾಯಿಪಾಠ ಮಾಡಿಸಿದ ಮೇಲೆ, ಆ ನೀರು ಮೇ ತಿಂಗಳಲ್ಲಿ ಎಷ್ಟಿರುತ್ತದೆ, ಆಗಸ್ಟಿನಲ್ಲಿ ಎಷ್ಟಿರುತ್ತದೆ ಎಂಬುದನ್ನು ಅಲ್ಲಿನ ಅಂಬಿಗನಿಂದಲೇ ಹೇಳಿಸಿ. ಹಾಗೆ ಕೇಳುತ್ತಿರುವ ಮಕ್ಕಳಲ್ಲಿ ಅವನ ಮಗನೋ ಮಗಳೋ ಇದ್ದರೆ ಇನ್ನೂ ಒಳ್ಳೆಯದು.

ಮೊನ್ನೆ ಬಂದಿದ್ದ ಹುಡುಗನಿಗೆ ಫೋನ್ ಮಾಡಿ, ಸಂಕ್ರಾಂತಿಯ ಸಂಜೆ ರಂಗನಾಥನ ಗುಡಿಯ ದೀಪೋತ್ಸವಕ್ಕೆ ಮಗಳನ್ನು ಕರೆದುಕೊಂಡು ಬಾ, ರಾತ್ರಿ ಅಲ್ಲೇ ಇರೋಣ, ನಾನೂ ಬರುತ್ತೇನೆ ಎಂದಿದ್ದೇನೆ. ರಜೆ ನೋಡಿ ಹೇಳುತ್ತಾನಂತೆ.

ಎರಡನೆಯ ಬೆಂಚಿನ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ, ಮೇಷ್ಟರು ಅವನನ್ನು ಹುಡುಕುತ್ತಿದ್ದಾರೆಂದು ತಿಳಿಸಿ. ಅವನಪ್ಪ ಆ ರಾತ್ರಿ ಕೇಳಿದ್ದನ್ನು ಅವನಿಗೆ ಹೇಳುವುದು ಬಾಕಿಯಿದೆ.